ಮಟ್ಟಂ ಹಾಕುವವರ ಭಾಷೆ

ಕೆಲಸಕ್ಕೆ ಕಳ್ಳಬೀಳುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಇದು ಹುಟ್ಟುಗುಣವೋ, ಸಂಬಳಕ್ಕಾಗಿ ರೂಢಿಸಿಕೊಂಡದ್ದೋ ಈಗ ನನಗೇ ಹೇಳಲಾಗುವುದಿಲ್ಲ. ತಮಿಳುನಾಡಿನ ಬೋಡಿಯ ಒಂದು ಅನುದಾನಿತ ಶಾಲೆಯಲ್ಲಿ ಇಪ್ಪತ್ತಾರು ವರ್ಷದಿಂದ ನಾನು ಗಣಿತದ ಮೇಷ್ಟ್ರು. ಅದರಲ್ಲಿ ಹದಿನಾಲ್ಕು ವರ್ಷದಿಂದ ಇಡೀ ಶಾಲೆಯ ಹಾಜರಾತಿ ನನ್ನ ಕೊರಳಿಗೇ ಬಿದ್ದಿದೆ. ಯಾವ ಹುಡುಗ ನಿಜವಾಗಿ ಜ್ವರದಲ್ಲಿ ಮಲಗಿದ್ದಾನೆ, ಯಾವ ಹುಡುಗ ಜ್ವರವನ್ನು ಮನೆಯಲ್ಲಿ ಮಲಗಿಸಿ ತಾನು ಕಾಲುವೆಯಲ್ಲಿ ಈಜುತ್ತಿದ್ದಾನೆ ಎಂಬುದನ್ನು ರಜಾಚೀಟಿಯ ಅಕ್ಷರ ನೋಡಿಯೇ ಹೇಳಬಲ್ಲೆ. ಮಕ್ಕಳು ನನಗೆ ‘ಆಬ್ಸೆಂಟ್ ಸಾರ್’ ಎಂದು ಹೆಸರಿಟ್ಟಿದ್ದಾರೆ. ವರ್ಷಕ್ಕೆ ಒಂದು ರಜೆಯನ್ನೂ ಪೂರ್ತಿ ಹಾಕದ ಮನುಷ್ಯನಿಗೆ ಈ ಹೆಸರು. ಇದಕ್ಕೂ ಸಿಟ್ಟು ಬರುತ್ತದೆ, ಆದರೆ ಅದು ಹಳೆಯದು, ಅಷ್ಟು ಬಿಸಿಯಿಲ್ಲ.

ನನ್ನನ್ನು ಇನ್ನಷ್ಟು ಕೆರಳಿಸುವುದು ಈ ಕಳ್ಳತನಕ್ಕೆ ನಮ್ಮ ಕಡೆ ಇರುವ ಮಾತುಗಳ ಶ್ರೀಮಂತಿಕೆ. ಶಾಲೆ ತಪ್ಪಿಸಿದರೆ ‘ಮಟ್ಟಂ ಪೋಡುವುದು’, ಅಂದರೆ ಮಟ್ಟಂ ಹಾಕುವುದು. ಒಂದು ಪೀರಿಯಡ್ ಮಾತ್ರ ತಪ್ಪಿಸಿದರೆ ‘ಕಟ್ ಅಡಿಕ್ಕುವುದು’, ಅಂದರೆ ಹೊಡೆಯುವುದು. ಎದುರಿಗೆ ನಿಂತ ಮೇಷ್ಟ್ರ ಕಣ್ಣು ತಪ್ಪಿಸಿ ಜಾರಿಕೊಂಡರೆ ‘ಡಿಮಿಕ್ಕಿ ಕೊಡುವುದು’. ಶಾಲೆಗೆ ಬಂದು, ಸಹಿ ಹಾಕಿ, ಫ್ಯಾನಿನ ಕೆಳಗೆ ಕೂತು ಏನೂ ಮಾಡದೆ ಸಂಜೆ ಮಾಡಿದರೆ ‘ಓಪಿ ಅಡಿಕ್ಕುವುದು’. ಇದು ಹೆಚ್ಚಾಗಿ ಮೇಷ್ಟ್ರುಗಳ ಇಲಾಖೆ. ಓಪಿ ಎಂದರೆ ಏನೆಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ, ಆಸ್ಪತ್ರೆಯ ಹೊರರೋಗಿ ವಿಭಾಗ ಎನ್ನುವವರೂ ಉಂಟು. ನೋಡಿ, ಹಾಕುವುದು, ಹೊಡೆಯುವುದು, ಕೊಡುವುದು. ಕೇಳಿದವರು ಇವರೆಲ್ಲ ಬೆಳಿಗ್ಗೆಯಿಂದ ಗುದ್ದಲಿ ಹಿಡಿದಿದ್ದಾರೆ ಎಂದುಕೊಳ್ಳಬೇಕು. ನನ್ನಂಥವನು ದಿನಕ್ಕೆ ಆರು ಪೀರಿಯಡ್ ಗಂಟಲು ಹರಿದುಕೊಂಡರೆ ಅದಕ್ಕೆ ‘ಪಾಠ ಮಾಡಿದರು’ ಎನ್ನುವ ಒಂದು ಸಪ್ಪೆ ಮಾತು.

ನಾನು ಓದುತ್ತಿದ್ದ ಕಾಲದಲ್ಲಿ ನಮ್ಮ ಬೀದಿಯ ಹುಡುಗರಲ್ಲಿ ಇನ್ನೊಂದು ಮಾತಿತ್ತು, ‘ಜೀಪು ಹತ್ತೋದು’. ಬೆಳಗಾಗುವ ಮುಂಚೆ ಏಲಕ್ಕಿ ತೋಟದ ಕೆಲಸಕ್ಕೆ ಆಳುಗಳನ್ನು ತುಂಬಿಕೊಂಡು ಜೀಪುಗಳು ಬೆಟ್ಟದ ಮೇಲಿನ ಬೋಡಿಮೆಟ್ಟಿನ ಕಡೆಗೆ ಏರುತ್ತವಲ್ಲ, ಪಾಠ ಒಪ್ಪಿಸಬೇಕಾದ ದಿನ ಒಬ್ಬಿಬ್ಬರು ಹುಡುಗರು ಅದರ ಹಿಂದೆ ನೇತುಬಿದ್ದು ಹೋಗಿಬಿಡುತ್ತಿದ್ದರು. ಮೇಲೆ ಮಂಜಿನಲ್ಲಿ ಅಡ್ಡಾಡಿ, ಸಂಜೆ ಅದೇ ಜೀಪಿನಲ್ಲಿ ಇಳಿಯುವುದು. ನಾನು ಒಮ್ಮೆಯೂ ಹೋಗಲಿಲ್ಲ. ಇದನ್ನು ನನ್ನ ವಿದ್ಯಾರ್ಥಿಗಳಿಗೆ ಶಿಸ್ತಿನ ಉದಾಹರಣೆಯಾಗಿ ವರ್ಷವರ್ಷವೂ ಹೇಳುತ್ತೇನೆ. ನಿಮಗೆ ಮಾತ್ರ ನಿಜ ಹೇಳುತ್ತೇನೆ: ಘಾಟಿಯ ಮೂರನೇ ತಿರುವಿಗೆ ನನಗೆ ವಾಂತಿಯಾಗುತ್ತದೆ.

ಇಷ್ಟು ಹೊತ್ತು ತಮಿಳು ಮಾತುಗಳನ್ನು ಹೇಳಿ ಕನ್ನಡದಲ್ಲಿ ಬೈಯುತ್ತಿದ್ದಾನಲ್ಲ, ಯಾರಿವನು ಎಂದು ನೀವು ಕೇಳಬಹುದು. ನಮ್ಮದು ಕನ್ನಡದ ಮನೆ. ನಮ್ಮ ಹಿರಿಯರು ಯಾವ ಕಾಲದಲ್ಲಿ, ಯಾವ ರಾಜನ ಮೇಲೆ ಮುನಿಸಿಕೊಂಡು ಈ ಕಡೆ ಬಂದರೋ, ಮನೆಗೊಂದು ಕತೆಯಿದೆ. ಬಂದವರು ಹೊಲ ಮಾಡಿದರು, ವ್ಯಾಪಾರ ಮಾಡಿದರು, ಬೀದಿಯಲ್ಲಿ ತಮಿಳು ಕಲಿತರು, ಮನೆಯೊಳಗೆ ಕನ್ನಡ ಇಟ್ಟುಕೊಂಡರು. ಅದೂ ಎಂಥ ಕನ್ನಡ, ಅರ್ಧಕ್ಕರ್ಧ ತಮಿಳು ಬೆರೆತದ್ದು, ಬರೆಯಲು ಬಾರದ್ದು. ನಲವತ್ತು ದಾಟಿದ ಮೇಲೆ ನನಗೆ ಹುರುಪು ಹತ್ತಿ, ಮೈಸೂರಿಗೆ ಹೋದಾಗ ಒಂದನೇ ತರಗತಿಯ ಪುಸ್ತಕ ತಂದು, ಅ ಆ ಇ ಈ ತಿದ್ದಿ, ಓದಲು ಬರೆಯಲು ಕಲಿತೆ. ಅಲ್ಲಿಗೆ ಮನೆಯವರ ನೆಮ್ಮದಿ ಹೋಯಿತು. ಮೇಷ್ಟ್ರಿಗೆ ಒಂದು ವಿದ್ಯೆ ಸಿಕ್ಕರೆ ಅದನ್ನು ಇನ್ನೊಬ್ಬರ ತಲೆಗೆ ತುರುಕುವ ತನಕ ಊಟ ಇಳಿಯುವುದಿಲ್ಲ.

ನನ್ನ ಮಗಳು ದರ್ಶಿನಿ ಹನ್ನೊಂದನೇ ತರಗತಿ, ನನ್ನ ಶಾಲೆಯಲ್ಲೇ. ಚಿಕ್ಕಂದಿನಿಂದ ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಬರುವುದು ತಮಿಳಿನಲ್ಲಿ. ನನ್ನ ಹೆಂಡತಿಯೂ ಹೆಚ್ಚುಕಡಿಮೆ ಹಾಗೆಯೇ. ರಾತ್ರಿ ಊಟಕ್ಕೆ ಕೂತಾಗ ಬರೀ ಕನ್ನಡ ಎಂದು ನಾನು ನಿಯಮ ಮಾಡಿದೆ. ಮಗಳು ‘ನಾಳೆ ಪಳ್ಳಿಕೂಡಕ್ಕೆ ಬೇಗ ಹೋಯ್ತೀನಿ’ ಎಂದರೆ, ‘ಪಳ್ಳಿಕೂಡ ಅಲ್ಲ, ಶಾಲೆ. ಹೋಯ್ತೀನಿ ಅಲ್ಲ, ಹೋಗುತ್ತೇನೆ’ ಎಂದು ತಿದ್ದಿದೆ. ಹುಳಿ ಬೇಕು ಎಂದರೂ ತಿದ್ದಿದೆ, ಸಾಕು ಎಂದರೂ ತಿದ್ದಿದೆ. ಹದಿನೈದು ದಿನದಲ್ಲಿ ನಮ್ಮ ಊಟದ ಹೊತ್ತು ಪೂರಾ ನಿಶ್ಶಬ್ದವಾಯಿತು. ಪಾತ್ರೆ ತೋರಿಸುವುದು, ಕೈ ಅಡ್ಡ ಹಿಡಿಯುವುದು, ಇಷ್ಟರಲ್ಲೇ ಊಟ ಮುಗಿಯುತ್ತಿತ್ತು. ನನಗೆ ಆಗ ಬಂದ ಸಿಟ್ಟು ಅಷ್ಟಿಷ್ಟಲ್ಲ. ನನ್ನ ಅವ್ವನಿಗೆ ಎಪ್ಪತ್ತಾರು. ಅವಳು ಹೋದರೆ ಈ ಮನೆಯಲ್ಲಿ ನಾನು ಯಾರ ಜೊತೆ ಕನ್ನಡ ಮಾತಾಡಲಿ? ಈ ಭಯ ನನಗೆ ನಿಜವಾಗಿಯೂ ಇತ್ತು, ಇದೆ. ಅದನ್ನು ಹೇಳಲು ಬಾರದೆ ವ್ಯಾಕರಣ ಹೇಳುತ್ತಿದ್ದೆ.

ಅವ್ವನ ಮೇಲೂ ನನಗೊಂದು ಸಿಟ್ಟಿತ್ತು. ನಮ್ಮ ದಾಯಾದಿಯೊಬ್ಬರ ಏಲಕ್ಕಿ ಮಂಡಿ ಬೋಡಿಯಲ್ಲಿದೆ. ಅದರ ಹಿಂದಿನ ಜಗುಲಿಯಲ್ಲಿ ನಾಲ್ಕೈದು ಮುದುಕಿಯರು ಕೂತು ಏಲಕ್ಕಿ ಆರಿಸುತ್ತಾರೆ. ದಪ್ಪ ಕಾಯಿ ಒಂದು ಕಡೆ, ಸಣ್ಣದು ಒಂದು ಕಡೆ, ಬಾಯಿ ಬಿಟ್ಟದ್ದು ಇನ್ನೊಂದು ಕಡೆ. ಎಲ್ಲ ನಮ್ಮ ಪೈಕಿಯವರೇ. ಅವ್ವನೂ ಅಲ್ಲಿಗೆ ಹೋಗುತ್ತಿದ್ದಳು. ಮೇಷ್ಟ್ರ ತಾಯಿ ಮಂಡಿಯಲ್ಲಿ ಕೂತು ಕಾಯಿ ಆರಿಸುವುದೆಂದರೆ ಏನು, ನಾಳೆ ಪೋಷಕರ ಸಭೆಯಲ್ಲಿ ನನ್ನ ಮುಖ ಎಲ್ಲಿಡಲಿ ಎಂದು ನಾನು ಎರಡು ವರ್ಷದ ಹಿಂದೆ ಹೋಗಕೂಡದೆಂದು ಕಟ್ಟಪ್ಪಣೆ ಮಾಡಿದೆ. ಅವ್ವ ಸರಿ ಎಂದಳು. ಅವಳು ಅಷ್ಟು ಬೇಗ ಸರಿ ಎಂದಾಗಲೇ ನಾನು ಎಚ್ಚರವಾಗಬೇಕಿತ್ತು. ರಜಾಚೀಟಿಯ ಅಕ್ಷರ ಓದುವವನಿಗೆ ಹೆತ್ತ ತಾಯಿಯ ಮುಖ ಓದಲು ಬರಲಿಲ್ಲ.

ಕಳೆದ ಜುಲೈ ತಿಂಗಳ ಒಂದು ಗುರುವಾರ, ಊಟದ ಬಿಡುವಿನಲ್ಲಿ, ನಾನು ಹಳೆಯ ದಾಖಲಾತಿ ಪುಸ್ತಕವೊಂದನ್ನು ಹುಡುಕುತ್ತ ಶಾಲೆಯ ಕಚೇರಿಯ ಹಿಂದಿನ ಕೋಣೆಯಲ್ಲಿದ್ದೆ. ಬೀರುವಿನ ಮರೆಯಲ್ಲಿದ್ದ ನಾನು ಕಚೇರಿಗೆ ಕಾಣುವುದಿಲ್ಲ, ಕಚೇರಿಯ ಮಾತೆಲ್ಲ ನನಗೆ ಕೇಳುತ್ತದೆ. ಅಲ್ಲಿ ಗುಮಾಸ್ತ ಮುರುಗೇಸನ್ ಕೂತಿದ್ದ. ಯಾರೋ ಹುಡುಗಿ ಬಂದು ಫೋನ್ ಎತ್ತಿದಳು. ನಮ್ಮ ಶಾಲೆಯಲ್ಲಿ ಮಧ್ಯದಲ್ಲಿ ಮನೆಗೆ ಹೋಗಬೇಕಾದರೆ ಕಚೇರಿಯ ಫೋನಿನಿಂದ ಮನೆಗೆ ಕರೆ ಮಾಡಬೇಕು, ಮನೆಯ ಹಿರಿಯರು ಗುಮಾಸ್ತನ ಹತ್ತಿರ ಕಾರಣ ಹೇಳಬೇಕು, ಆಮೇಲೆ ಗೇಟಿನ ಚೀಟಿ. ಈ ಬಿಗಿ ಏರ್ಪಾಟನ್ನು ತಂದದ್ದು ನಾನೇ. ಇದರಲ್ಲಿ ಒಂದು ಇರುವೆಯೂ ನುಸುಳಲಾರದು ಎಂದು ಆಡಳಿತ ಮಂಡಳಿಯವರ ಮುಂದೆ ಹೇಳಿದ್ದೆ.

‘ಅವ್ವಾ, ನಾನು,’ ಎಂದಳು ಹುಡುಗಿ. ನಮ್ಮ ಮನೆಯಲ್ಲಿ ಮಗನಿಂದ ಮೊಮ್ಮಗಳ ತನಕ ಎಲ್ಲರಿಗೂ ನನ್ನ ತಾಯಿ ಅವ್ವನೇ. ‘ಈವತ್ತು ಕಡೇ ಎರಡು ಪೀರಿಯಡ್ ಮಟ್ಟಂ ಹಾಕ್ತೀನಿ. ಪೀಟಿ, ಲೈಬ್ರರಿ, ಯಾರೂ ಕೇಳಾಕಿಲ್ಲ. ಅಪ್ಪ ಹತ್ತನೇ ಕ್ಲಾಸ್ನಾಗಿರ್ತಾನೆ, ಗಂಟೆ ಹೊಡಿಯಾಗಂಟ ಅಲ್ಲಿಂದ ಅಲ್ಲಾಡಾಕಿಲ್ಲ. ನೀನು ಸೀಕ್ರ ಹೊರಟು ಮಂಡಿ ತಾವ ಇರು. ನಾಗಮ್ಮಜ್ಜಿ ಹೋದ ವಾರ ಸೊಸೆ ಕತೆಯ ಅರ್ಧಕ್ಕೇ ನಿಲ್ಲಿಸ್ಬುಟ್ಳು. ಈವತ್ತು ಬಾಕಿ ಕೇಳ್ದೆ ನಾನು ಬಿಡಾಕಿಲ್ಲ.’

ದರ್ಶಿನಿ. ನನ್ನ ಮಗಳು. ಒಂದು ಕಡೆಯೂ ತಡವರಿಸದೆ, ಒಂದು ಪದಕ್ಕೂ ತಿಣುಕದೆ, ನಗುತ್ತ, ನಡುವೆ ಅವ್ವನನ್ನು ಛೇಡಿಸುತ್ತ, ನಮ್ಮ ಅಜ್ಜಿಯ ಕಾಲದ ಹೆಂಗಸರು ಬಾವಿಕಟ್ಟೆಯಲ್ಲಿ ಮಾತಾಡುತ್ತಿದ್ದ ಹಾಗೆ ಮಾತಾಡುತ್ತಿದ್ದಾಳೆ. ಊಟದ ಹೊತ್ತಿನಲ್ಲಿ ‘ನೀರು’ ಎಂಬ ಎರಡಕ್ಷರ ಹೇಳಲಾರದೆ ಲೋಟ ತೋರಿಸುವ ಹುಡುಗಿ. ನನ್ನ ಕೈಯಲ್ಲಿದ್ದ ಪುಸ್ತಕ ಕಾಲ ಮೇಲೆ ಬಿತ್ತು. ಅದು ದಪ್ಪ ಪುಸ್ತಕ. ನೋವೂ ಆಯಿತು.

ಆಮೇಲೆ ಅವಳು ಫೋನನ್ನು ಮುರುಗೇಸನ್ ಕೈಗೆ ಕೊಟ್ಟಳು. ಅವ್ವನ ಗಂಟಲು ದೊಡ್ಡದು, ಫೋನಿನಾಚೆಯಿಂದ ನನ್ನ ತನಕ ಕೇಳಿಸಿತು. ಈಗ ತಮಿಳು, ಅದೂ ಅಳು ಬೆರೆಸಿದ ತಮಿಳು. ‘ಎಂಗ ಕೊಳುಂದನಾರ್ ಪೋಯಿಟ್ಟಾರು ತಂಬಿ,’ ಎಂದಳು. ಅಂದರೆ ಅವಳ ಮೈದುನ, ನನ್ನ ಚಿಕ್ಕಪ್ಪ, ತೀರಿಕೊಂಡರು. ಆ ಚಿಕ್ಕಪ್ಪ ಅದೇ ಬೆಳಿಗ್ಗೆ ಬಸ್ ನಿಲ್ದಾಣದ ಎದುರು ಟೀ ಕುಡಿಯುತ್ತ ನನ್ನ ಸ್ಕೂಟರ್ ನಿಲ್ಲಿಸಿ ಕಾಲು ಗಂಟೆ ಮೊಣಕಾಲು ನೋವಿನ ವಿವರ ಕೊಟ್ಟಿದ್ದರು. ನಮ್ಮಲ್ಲಿ ಪಂಗಾಳಿ ಮನೆಯಲ್ಲಿ, ಅಂದರೆ ದಾಯಾದಿಗಳ ಮನೆಯಲ್ಲಿ ಸಾವಾದರೆ, ಹಿಡಿದ ಕೆಲಸ ಬಿಟ್ಟು ಹೋಗಲೇಬೇಕು. ಅಂಥವರನ್ನು ಯಾರೂ ತಡೆಯುವಂತಿಲ್ಲ, ಹೆಚ್ಚು ಕೇಳುವಂತೆಯೂ ಇಲ್ಲ. ಈ ಕಣಿವೆಯಲ್ಲಿ ಎಲ್ಲ ಜಾತಿಯವರೂ ಒಪ್ಪುವ ಪದ್ಧತಿ ಅದು. ನನ್ನ ಬಿಗಿ ಏರ್ಪಾಟಿನಲ್ಲಿ ಇರುವೆಗೆ ಜಾಗವಿರಲಿಲ್ಲ ನಿಜ, ಹೆಣಕ್ಕೆ ಜಾಗವಿತ್ತು.

ನಾನು ಆಗಲೇ ಹೊರಗೆ ಬಂದು ಅವಳ ಕಿವಿ ಹಿಡಿಯಬೇಕಿತ್ತು. ಬರಲಿಲ್ಲ. ಯಾಕೆ ಬರಲಿಲ್ಲ ಎಂದು ಇವತ್ತಿಗೂ ನನ್ನ ಮೇಲೆ ನನಗೆ ಸಿಟ್ಟಿದೆ. ಅವಳು ಇನ್ನೂ ಸ್ವಲ್ಪ ಮಾತಾಡಲಿ ಎಂದು ಕಾಯುತ್ತಿದ್ದೆ ಅನಿಸುತ್ತದೆ. ಅವಳು ಚೀಟಿ ತೆಗೆದುಕೊಂಡು ಹೋದ ಮೇಲೆ ಈಚೆ ಬಂದು, ಬಂದ ಸಿಟ್ಟನ್ನೆಲ್ಲ ಮುರುಗೇಸನ್ ಮೇಲೆ ಸುರಿದೆ. ಚೀಟಿಪುಸ್ತಕ ಕಿತ್ತುಕೊಂಡು ನೋಡಿದರೆ ಶಾಲೆ ಶುರುವಾದ ಜೂನ್ ತಿಂಗಳಿಂದ ಒಂದು ಗುರುವಾರವೂ ತಪ್ಪಿಲ್ಲ. ನನ್ನ ಇಬ್ಬರು ದೊಡ್ಡಪ್ಪಂದಿರು, ಪಳನಿಯಲ್ಲಿ ಹೂವಿನ ವ್ಯಾಪಾರ ಮಾಡುವ ದೊಡ್ಡಪ್ಪನ ಮಗ, ಅವನ ತಮ್ಮ, ಎಲ್ಲರೂ ಸತ್ತಿದ್ದಾರೆ. ನಮ್ಮ ವಂಶವನ್ನು ಅವ್ವ ವಾರಕ್ಕೊಬ್ಬರಂತೆ ಮುಗಿಸುತ್ತ ಬಂದಿದ್ದಳು.

ಮುರುಗೇಸನ್ ತಮಿಳಿನವನು. ಅವನು ತಮಿಳಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಹೇಳುತ್ತೇನೆ. ‘ಸಾರ್, ಸತ್ತದ್ದು ಸುಳ್ಳು ಅಂತ ನನಗೆ ಗೊತ್ತು. ಪಾಪು ಮೊದಲು ಅಜ್ಜಿ ಹತ್ತಿರ ಎಲ್ಲ ಮಾತಾಡಿಯೇ ನನಗೆ ಫೋನ್ ಕೊಡೋದು.’

‘ಅವಳು ಮಾತಾಡಿದ್ದು ನಿನಗೆ ಹೇಗೆ ಗೊತ್ತಾಯಿತು? ಅದು ನಮ್ಮ ಭಾಷೆ.’

‘ನಾನು ಹುಟ್ಟಿದ್ದು ನಿಮ್ಮ ಬೀದಿಯಲ್ಲೇ ಅಲ್ಲವಾ ಸಾರ್. ಮಾತಾಡೋಕೆ ಬಾಯಿ ತಿರುಗಲ್ಲ, ಕೇಳೋಕೆ ಏನು. ಅಲ್ಲಿ ಎಲ್ಲರಿಗೂ ಅರ್ಥ ಆಗುತ್ತೆ. ನಿಮ್ಮವರು ನಮಗೆ ಗೊತ್ತಾಗಲ್ಲ ಅಂದುಕೊಂಡು ಮಾತಾಡ್ತಾರೆ, ನಾವು ಯಾಕೆ ಸುಮ್ಮನೆ ಸಂಕೋಚ ಕೊಡೋದು ಅಂತ ಬಿಟ್ಟಿದ್ದೀವಿ.’

ಅಷ್ಟಕ್ಕೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಅವನು ಬಹಳ ವಿನಯದಿಂದ ಮುಂದುವರಿಸಿದ. ‘ಫೆಬ್ರವರಿಯಲ್ಲಿ ದಿಂಡಿಗಲ್ಲಿಗೆ ಮೂರು ದಿನ ಟ್ರೇನಿಂಗ್ ಹೋದಿರಲ್ಲ ಸಾರ್. ಬೆಳಿಗ್ಗೆ ಸಹಿ ಹಾಕಿ, ಹನ್ನೊಂದಕ್ಕೆ ಎದ್ದು, ಬಾಗಿಲಿಗೆ ಒಳ್ಳೆ ಬೀಗ ತಗೊಂಡು, ಬಿರಿಯಾನಿ ತಿಂದು ಬರ್ತೀನಿ ಅಂತ ಇಲ್ಲೇ ನಿಂತು ಅಮ್ಮಾವರಿಗೆ ಫೋನಿನಲ್ಲಿ ನಿಮ್ಮ ಭಾಷೆಯಲ್ಲೇ ಹೇಳಿದಿರಿ. ನಾನು ಯಾರಿಗಾದರೂ ಹೇಳಿದೆನಾ?’

ನಮ್ಮ ಜನ ಎಷ್ಟು ನೂರು ವರ್ಷದಿಂದ ಈ ತಪ್ಪು ಮಾಡುತ್ತ ಬಂದಿದ್ದಾರೋ. ಬಸ್ಸಿನಲ್ಲಿ, ಸಂತೆಯಲ್ಲಿ, ಬಟ್ಟೆ ಅಂಗಡಿಯಲ್ಲಿ ಅಂಗಡಿಯವನ ಎದುರಿಗೇ ‘ಈ ಮುಂಡೇದು ಜಾಸ್ತಿ ಹೇಳ್ತವ್ನೆ, ಎದ್ದು ಹೋಗಾಣ’ ಎಂದು ಹೆಂಡತಿಗೆ ಹೇಳಿದ್ದೇವೆ. ಎಲ್ಲರೂ ಕೇಳಿಸಿಕೊಂಡು ನಗುನಗುತ್ತ ಬಟ್ಟೆ ಮಡಿಸಿದ್ದಾರೆ. ಆ ದಿನ ಹತ್ತನೇ ತರಗತಿಗೆ ಹೋಗಿ ತ್ರಿಕೋನಮಿತಿ ಮಾಡಿದೆ. ಮಕ್ಕಳಿಗೆ ಸಿಕ್ಕಾಪಟ್ಟೆ ಬೈದೆ ಅಂತ ಕಾಣುತ್ತದೆ, ಆಮೇಲೆ ಒಬ್ಬಳು ಅತ್ತದ್ದು ನೆನಪಿದೆ.

ಸಂಜೆ ಮನೆಯಲ್ಲಿ ನಾನು ಕೂಗಾಡಿದ್ದನ್ನು ಪೂರ್ತಿ ಬರೆಯುವುದಿಲ್ಲ. ಹಾಜರಾತಿಯ ಉಸ್ತುವಾರಿಯ ಮಗಳೇ ಗೇಟು ದಾಟಿದರೆ ಊರ ಮಕ್ಕಳಿಗೆ ನಾನು ಯಾವ ಬಾಯಿಂದ ಹೇಳಲಿ ಎಂದೆ. ಬದುಕಿರುವ ಚಿಕ್ಕಪ್ಪನನ್ನು ಸಾಯಿಸುತ್ತೀರಲ್ಲ, ನಾಚಿಕೆಯಾಗುವುದಿಲ್ಲವೇ ಎಂದೆ. ಮಂಡಿಗೆ ಹೋಗಬೇಡ ಎಂದು ಹೇಳಿರಲಿಲ್ಲವೇ ಎಂದೆ. ಇಷ್ಟೆಲ್ಲ ಆದ ಮೇಲೆ, ಹೊಟ್ಟೆಯೊಳಗೆ ಇದ್ದದ್ದು ಕೊನೆಗೆ ಹೊರಗೆ ಬಂತು: ‘ಅಲ್ಲಿ ಆಡುವ ಮಾತನ್ನು ನನ್ನ ಜೊತೆ ಆಡಲು ನಿನಗೇನಾಗಿತ್ತು?’

ಮಗಳು ನೆಲ ನೋಡುತ್ತ ತಮಿಳಿನಲ್ಲಿ, ‘ನಿಮ್ಮ ಹತ್ತಿರ ಮಾತಾಡಿದರೆ ಪರೀಕ್ಷೆ ಬರೆದ ಹಾಗಿರುತ್ತೆ ಅಪ್ಪಾ,’ ಎಂದಳು. ಅವ್ವ ಎಲೆಯಡಿಕೆ ಬಾಯಲ್ಲಿಟ್ಟುಕೊಂಡೇ ಹೇಳಿದಳು: ‘ಅದು ಬಾಯಿ ತೆಗೆದ್ರೆ ನೀನು ತಪ್ಪು ಅಂತೀಯ. ಅಲ್ಲಿ ಆ ಮುದುಕೀರು ಯಾರೂ ತಪ್ಪು ಅನ್ನಾಕಿಲ್ಲ. ಅದ್ಕೇ ಮಾತಾಡ್ತದೆ. ನಾನೂ ಅಷ್ಟೇ ಕಣಪ್ಪ. ಹಗಲೆಲ್ಲ ಈ ಮನೇಲಿ ಕುಂತು ಯಾರ ಕೂಟೆ ಮಾತಾಡ್ಲಿ, ಗೋಡೆ ಕೂಟೆಯಾ?’

 ಉತ್ತರ ಹೊಳೆಯದ ಮೇಷ್ಟ್ರು ಮಾಡುವುದನ್ನೇ ಮಾಡಿದೆ, ಶಿಕ್ಷೆ ಕೊಟ್ಟೆ. ಮಗಳಿಗೆ ಗೇಟಿನ ಚೀಟಿ ಬಂದ್. ಅವ್ವನಿಗೆ ಮಂಡಿ ಬಂದ್. ಮುರುಗೇಸನ್‌ಗೆ ಎಚ್ಚರಿಕೆ ಕೊಡೋಣವೆಂದರೆ ದಿಂಡಿಗಲ್ ಅಡ್ಡ ಬಂತು.

ಮುಂದಿನ ಮೂರು ವಾರ ನನ್ನ ಮಗಳ ಹಾಜರಾತಿಯಲ್ಲಿ ಒಂದು ಚುಕ್ಕೆ ಕಪ್ಪಿರಲಿಲ್ಲ. ಲೈಬ್ರರಿ ಪೀರಿಯಡ್ಡಿನಲ್ಲಿ ಮೇಜಿನ ಮೇಲೆ ತಲೆಯಿಟ್ಟು ನಿದ್ದೆ ಮಾಡುತ್ತಿದ್ದಳು, ಆದರೆ ಹಾಜರಿದ್ದಳು. ಮನೆಯಲ್ಲಿ ಒಂದು ಕನ್ನಡದ ಮಾತಿಲ್ಲ. ಅದಕ್ಕೆ ನಾನು ಮೊದಲೇ ಒಗ್ಗಿದ್ದೆ. ಒಗ್ಗದೇ ಹೋದದ್ದು ಅವ್ವನ ನಡೆ. ಆ ಸಂಜೆಯಿಂದ ಅವ್ವ ನನ್ನ ಜೊತೆ ತಮಿಳಿನಲ್ಲಿ ಮಾತಾಡಲು ಶುರುಮಾಡಿದಳು. ಅದೂ ಹೊರಗಿನವರಿಗೆ ಆಡುವ ಮರ್ಯಾದೆಯ ತಮಿಳು. ನಾನು ಶಾಲೆಯಿಂದ ಬಂದರೆ, ‘ವಾಂಗ ಸಾರ್,’ ಅಂದರೆ ಬನ್ನಿ ಸಾರ್, ಎನ್ನುವುದು. ಊಟಕ್ಕೆ, ‘ಸಾಪ್ಪಿಡ ವಾಂಗ ಸಾರ್.’ ಐವತ್ತೊಂದು ವರ್ಷ ‘ಬಾರೋ’, ‘ತಿನ್ನೋ’ ಎಂದ ಬಾಯಿ ಅದು. ಮೊದಲ ದಿನ ನಕ್ಕೆ. ಎರಡನೇ ದಿನ ರೇಗಿದೆ. ಎರಡನೇ ವಾರ, ನಾನು ತಿದ್ದಿದ ಕನ್ನಡದಲ್ಲೇ, ‘ಅವ್ವಾ, ದಯವಿಟ್ಟು ನಿಲ್ಲಿಸು,’ ಎಂದೆ. ‘ಸರಿಂಗ ಸಾರ್,’ ಎಂದಳು. ಆ ದಿನ ನನಗೆ ಅನ್ನ ಸೇರಲಿಲ್ಲ. ಅವಳು ಹೋದ ಮೇಲೆ ಬರುತ್ತದೆ ಎಂದು ನಾನು ಹೆದರಿದ್ದ ದಿನವನ್ನು ಅವಳು ಕಣ್ಣೆದುರಿಗೆ ಕೂತೇ ತಂದಿಟ್ಟಿದ್ದಳು.

ನಾಲ್ಕನೇ ಗುರುವಾರ ಊಟದ ಬಿಡುವಿನಲ್ಲಿ ನಾನು ಕಚೇರಿಗೆ ಹೋಗಿ ಕೂತೆ. ಒಂದು ಹಾಳೆ ತೆಗೆದುಕೊಂಡು ನನ್ನ ಮಗಳ ಪರವಾಗಿ ರಜಾಚೀಟಿ ಬರೆದೆ. ಸಾವಿರ ಚೀಟಿ ಓದಿ, ಅದರಲ್ಲಿ ಮುಕ್ಕಾಲು ಪಾಲು ಹರಿದು ಹಾಕಿದವನಿಗೆ ಕಾರಣ ಎಂಬ ಜಾಗದಲ್ಲಿ ಏನು ಬರೆಯಬೇಕೆಂದು ತಿಳಿಯಲಿಲ್ಲ. ಜ್ವರ ಎಂದು ಬರೆಯಲು ಕೈ ಬರಲಿಲ್ಲ, ಸಾಯಿಸೋಣವೆಂದರೆ ಪಂಗಾಳಿಗಳಲ್ಲಿ ಯಾರೂ ಉಳಿದಿರಲಿಲ್ಲ. ‘ಅಜ್ಜಿಯ ಜೊತೆ ಇರಬೇಕಾಗಿದೆ’ ಎಂದು ಬರೆದೆ. ತಂದೆ ಎಂಬಲ್ಲಿ ಸಹಿ ಮಾಡಿದೆ. ಹಾಜರಾತಿ ಉಸ್ತುವಾರಿ ಎಂಬಲ್ಲಿಯೂ ನಾನೇ ಸಹಿ ಮಾಡಿದೆ. ಮುರುಗೇಸನ್ ಅದನ್ನು ಎರಡು ಸಲ ಓದಿ, ಗೇಟಿನ ಚೀಟಿ ಹರಿದು ಕೊಟ್ಟ. ಅವನ ಮೀಸೆಯ ಕೆಳಗೆ ನಗುವಿತ್ತೋ ಏನೋ, ನೋಡುವ ಧೈರ್ಯ ನನಗೆ ಬರಲಿಲ್ಲ.

ಚೀಟಿ ಕೊಟ್ಟಾಗ ದರ್ಶಿನಿ ನನ್ನ ಮುಖವನ್ನು ಅನುಮಾನದಿಂದ ನೋಡಿದಳು. ಆಮೇಲೆ ‘ಸರಿ, ಹೋಯ್ತೀನಿ,’ ಎಂದಳು. ತಿದ್ದುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹಲ್ಲು ಕಚ್ಚಿದೆ. ಅವಳು ಗೇಟಿನ ಕಡೆಗೆ ಓಡುವುದನ್ನು ನೋಡುತ್ತ ನಿಂತಿದ್ದಾಗ ನನ್ನ ತಲೆಗೊಂದು ಹುಚ್ಚು ಹೊಕ್ಕಿತು. ನನಗೂ ಹೋಗಬೇಕು. ಆ ಜಗುಲಿಯಲ್ಲಿ, ಏಲಕ್ಕಿಯ ವಾಸನೆಯಲ್ಲಿ, ಆ ಮುದುಕಿಯರ ನಡುವೆ ಕೂತು, ಯಾರೂ ತಪ್ಪು ಎನ್ನದ ಕಡೆ ನಾನೂ ನಾಲ್ಕು ಮಾತಾಡಬೇಕು. ನಾಗಮ್ಮನ ಸೊಸೆಗೆ ಕೊನೆಗೆ ಏನಾಯಿತು ಎಂದು ನನಗೂ ತಿಳಿಯಬೇಕಿತ್ತು. ಹತ್ತನೇ ತರಗತಿಯನ್ನು ಎರಡು ಪೀರಿಯಡ್ ನೋಡಿಕೊಳ್ಳಲು ಚರಿತ್ರೆಯ ಮೇಷ್ಟ್ರನ್ನು ಒಪ್ಪಿಸಿದೆ. ಮರದ ಕೆಳಗೆ ನಿಂತು, ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ಅವ್ವನಿಗೆ ಫೋನ್ ಮಾಡಿದೆ. ಬರೆಯುವ ಕನ್ನಡವನ್ನು ಬದಿಗಿಟ್ಟು, ಚಿಕ್ಕಂದಿನಲ್ಲಿ ಆಡುತ್ತಿದ್ದ ಹಾಗೆಯೇ ಹೇಳಿದೆ: ‘ಅವ್ವಾ, ಮಗು ಬತ್ತಾ ಐತೆ, ಮಂಡಿಗೆ ಕರ್ಕೊಂಡೋಗು. ನಾನೂ ಮಟ್ಟಂ ಹಾಕ್ತೀನಿ. ಇರು, ಬತ್ತೀನಿ.’

 ಅವ್ವ ಮಾತಾಡಿದಳು. ಮೂರು ವಾರದ ಮೇಲೆ, ಕನ್ನಡದಲ್ಲಿ, ಸಾರ್ ಇಲ್ಲದೆ.

‘ನೀನು ಯಾಕಪ್ಪ ಬತ್ತೀಯ,’ ಎಂದಳು. ‘ನೀನು ಬಂದ್ರೆ ಅಲ್ಲಿ ಯಾರೂ ಬಾಯಿ ಬಿಡಾಕಿಲ್ಲ. ನಿಂಗೆ ಪಳ್ಳಿಕೂಡ ಐತಲ್ಲ, ಹೋಗು.’

ಫೋನ್ ಇಟ್ಟುಬಿಟ್ಟಳು. ನಾನು ಚರಿತ್ರೆಯ ಮೇಷ್ಟ್ರಿಗೆ ಏನೋ ಒಂದು ಸುಳ್ಳು ಹೇಳಿ, ಹತ್ತನೇ ತರಗತಿಗೆ ಹೋಗಿ, ಹಾಜರಿ ಕರೆದೆ.